ಗೇರುಹಣ್ಣಿನ ಉದ್ಧಾರ

ನಮ್ಮೂರಿನವರಷ್ಟು ದಡ್ಡರು ಲೋಕದಲ್ಲಿ ಇನ್ನೆಲ್ಲೂ ಇಲ್ಲ ಎಂಬುದು ಆ ಕಾಲದಲ್ಲಿ ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಇದಕ್ಕೆ ಸಾಕ್ಷಿಯಾಗಿ ನಾನು ಗೇರುಹಣ್ಣನ್ನು ಮುಂದಿಡುತ್ತಿದ್ದೆ. ಕುಂದಾಪುರದಿಂದ ಬೈಂದೂರಿನ ತನಕ ಯಾವ ಹಾಡಿ, ಗುಡ್ಡ ಹೊಕ್ಕರೂ ಬೇಸಗೆಯಲ್ಲಿ ಕೆಂಪು, ಹಳದಿ ಹಣ್ಣುಗಳು ನೆಲದ ತುಂಬ ಬಿದ್ದಿರುತ್ತವೆ. ಜನ ಬರುತ್ತಾರೆ, ಬೀಜ ತಿರುಚಿ ಕೀಳುತ್ತಾರೆ, ಹಣ್ಣನ್ನು ಎಸೆದು ಹೋಗುತ್ತಾರೆ. ಮಾವಿನಹಣ್ಣು ತಿಂದು ಗೊರಟು ಎಸೆಯುವ ಇದೇ ಜನ ಇಲ್ಲಿ ಬೀಜ ಇಟ್ಟುಕೊಂಡು ಹಣ್ಣು ಎಸೆಯುತ್ತಾರೆ! ಇಂಥವರ ನಡುವೆ ನಾನೊಬ್ಬ ಹೈಸ್ಕೂಲಿನ ವಿಜ್ಞಾನದ ಮಾಷ್ಟ್ರು. ನನ್ನ ಸಂಕಟವನ್ನು ಯಾರಿಗೆ ಹೇಳಲಿ?

ಮನೆಯಲ್ಲಿ ಇಬ್ಬರು ಸಿಕ್ಕುತ್ತಿದ್ದರು. ಅವರಿಗೇ ಹೇಳುತ್ತಿದ್ದೆ. ಒಬ್ಬಳು ಹೆಂಡತಿ ಗಿರಿಜೆ, ಇನ್ನೊಬ್ಬಳು ತಂಗಿ ಸುಮತಿ. ಅಪ್ಪ, ಅಮ್ಮ ತೀರಿಕೊಂಡ ಮೇಲೆ ಸುಮತಿ ಕುಂದಾಪುರದಲ್ಲಿ ನಮ್ಮೊಟ್ಟಿಗೇ ಇದ್ದಳು. ಅವಳಿಗೆ ಬಂದ ಎರಡು ಸಂಬಂಧಗಳು ಮಾತುಕತೆಯ ಹಂತದಲ್ಲೇ ಮುರಿದಿದ್ದವು. ಎರಡು ಸಲವೂ ಮಾತಾಡಿದವನು ನಾನು. ಆ ವರ್ಷ ಬ್ರಹ್ಮಾವರದ ಬದಿಯಿಂದ ಮೂರನೆಯದು ಬಂತು. ಹುಡುಗ ಸದಾನಂದ ಬೊಂಬಾಯಿಯಲ್ಲಿ ಹೋಟೆಲು ಇಟ್ಟವನು, ರಜೆಯಲ್ಲಿ ಊರಿಗೆ ಬಂದಿದ್ದ. ಇದೂ ತಪ್ಪಿಹೋದರೆ ಊರಿನವರು ಹುಡುಗಿಯಲ್ಲೇ ಏನೋ ಕೊರತೆ ಎಂದು ಆಡಿಕೊಳ್ಳುತ್ತಾರೆಂದು ಗಿರಿಜೆಗೆ ಹೆದರಿಕೆ.

"ಬಂದವ್ರಿಗೆ ಎಂತ ಮಾಡುದ್? ಹಲ್ಸಿನ್ ಹಣ್ಣಿನ್ ಕಡುಬ್ ಮಾಡ್ತೆ, ಒಂದ್ ಪಾಯ್ಸ ಮಾಡ್ತೆ. ಸಾಕಲ್ದಾ?" ಎಂದಳು.

ನಾನು ನಕ್ಕೆ. ಆ ನಗೆಯನ್ನು ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಎನಿಸುತ್ತದೆ.

"ಬೊಂಬಾಯಿಯವ್ರ್ ಕಡುಬ್ ತಿಂತ್ರಾ? ಅವ್ರಿಗೆ ಬ್ರೆಡ್ಡಿಗೆ ಜಾಮ್ ಹಚ್ಚಿ ಕೊಡ್ಕ್. ಜಾಮ್ ನಾನೇ ಮಾಡ್ತೆ. ಗೇರ್ ಹಣ್ಣಿಂದ್!"

"ಗೇರ್ ಹಣ್ಣಿಂದಾ? ಗಂಟ್ಲ್ ಹಿಡಿತ್ತಲೆ ಮಾರಾಯ್ರೆ!"

"ಅದ್ ಹಸಿ ತಿಂದ್ರೆ. ಬೇಯ್ಸಿದ್ ಮೇಲೆ ಗುಣ ಬದ್ಲಾತ್ತ್. ಇದ್ಕೆ ವಿಜ್ಞಾನ ಅಂಬ್ರ್."

ವಿಜ್ಞಾನ ಎಂಬ ಶಬ್ದ ಬಂದ ಕೂಡಲೆ ಗಿರಿಜೆ ಸುಮ್ಮನಾಗುತ್ತಿದ್ದಳು. ಅದನ್ನು ಗೌರವ ಎಂದು ತಿಳಿದಿದ್ದೆ. ಸುಸ್ತು ಎಂದು ಗೊತ್ತಾಗುವಷ್ಟರಲ್ಲಿ ನನಗೆ ತಲೆ ನರೆತಿತ್ತು.

ಮರುದಿನವೇ ಗಿರಿಜೆಯ ತವರಾದ ವಂಡ್ಸೆಗೆ ಹೋದೆ. ಅಲ್ಲಿ ಅವರ ಗುಡ್ಡದ ತುಂಬ ಗೇರುಮರ. ಹಣ್ಣನ್ನು ದೊಡ್ಡ ಬುಟ್ಟಿಗೆ ತುಂಬಿಸುತ್ತಿದ್ದಾಗ ಗಿರಿಜೆಯ ತಮ್ಮ ಬಂದು ನಿಂತ.

"ಭಾವ, ದನ ತಕಂಡ್ರ್ಯಾ?" ಎಂದ.

"ಇದ್ ದನಕ್ಕಲ್ಲ. ಮನುಷ್ಯರಿಗೆ. ಸುಮತಿಯನ್ನ್ ಕಾಂಬುಕೆ ಬಪ್ಪೋರಿಗೆ."

ಅವನು ಮತ್ತೇನೂ ಕೇಳದೆ ಬುಟ್ಟಿ ಹೊತ್ತುಕೊಂಡು ಬಂದು ಬಸ್ಸಿನ ಮೇಲೇರಿಸಿದ. ನನ್ನ ಮುಖವನ್ನು ಮಾತ್ರ ಒಮ್ಮೆ ಚೆನ್ನಾಗಿ ನೋಡಿದ.

ಬಿಸಿಲಿಗೆ ಹಣ್ಣು ಬೆಂದು, ಅರ್ಧದಾರಿಯಲ್ಲಿ ಬಸ್ಸಿನ ಮಾಡಿನಿಂದ ರಸ ಇಳಿಯತೊಡಗಿತು. ಕಿಟಕಿಯ ಪಕ್ಕ ಕೂತಿದ್ದ ಯಜಮಾನರೊಬ್ಬರ ಬಿಳಿ ಅಂಗಿಯ ತೋಳು ಮೊದಲು ನೆನೆಯಿತು. ಗೇರುಹಣ್ಣಿನ ಕಲೆ ಬಟ್ಟೆ ಹರಿದರೂ ಹೋಗುವುದಿಲ್ಲ. ಯಜಮಾನರು ಎದ್ದು ನಿಂತು, "ಯಾರ್ದ್ ಅದ್ ಬುಟ್ಟಿ? ಯಾವ ಮಂಡೆ ಸಮ ಇಲ್ದಿದ್ದವ್ನ್ ತಂದದ್ದ್?" ಎಂದು ಗರ್ಜಿಸಿದರು. ಬಸ್ಸಿನವರೆಲ್ಲ ಸುತ್ತಮುತ್ತ ನೋಡಿದರು. ಅವರೊಂದಿಗೆ ನಾನೂ ಸುತ್ತಮುತ್ತ ನೋಡಿದೆ. ಕುಂದಾಪುರದಲ್ಲಿ ಎಲ್ಲರೂ ಇಳಿದು, ಅವರವರ ದಾರಿ ಹಿಡಿದ ಮೇಲೆ, ಪಕ್ಕದ ಅಂಗಡಿಯಲ್ಲಿ ಅಡಗಿದ್ದ ವಿಜ್ಞಾನದ ಮಾಷ್ಟ್ರು ಹೊರಬಂದು ತನ್ನ ಬುಟ್ಟಿ ಇಳಿಸಿಕೊಂಡ!

ಆಮೇಲೆ ಅಡುಗೆಮನೆಯನ್ನು ವಶಪಡಿಸಿಕೊಂಡೆ. ಜಾಮಿಗೆ ಸಕ್ಕರೆ ಬೇಕು. ಆಗ ಸಕ್ಕರೆ ಸಿಕ್ಕುತ್ತಿದ್ದದ್ದೇ ಅಷ್ಟಕ್ಕಷ್ಟೆ. ಅದರ ಬದಲು ಬೆಲ್ಲ ಹಾಕಿದೆ. ಹಣ್ಣೇ ಸಿಹಿಯಾಗಿರುವಾಗ ಬೆಲ್ಲ ಯಾಕೆ ದಂಡ ಎಂದು ಅದನ್ನೂ ಕಡಿಮೆ ಮಾಡಿದೆ. ಉರುವಲು ಹಸಿ. ಹೊಗೆಗೆ ಕಣ್ಣು ಉರಿದು ನೀರು ಸುರಿಯತೊಡಗಿತು. ಪಾತ್ರೆಯಲ್ಲಿ ಹಣ್ಣು ಕುದಿಯುತ್ತಿದೆಯೋ ನಾನು ಕುದಿಯುತ್ತಿದ್ದೇನೋ ತಿಳಿಯದ ಹಾಗಾಯಿತು.

ಗಿರಿಜೆ ಇಣುಕಿ ನೋಡಿದಳು. "ಇದಿನ್ನೂ ನೀರ್ ನೀರ್ ಇತ್ತಲೆ. ಇನ್ನೂ ಒಂದಷ್ಟ್ ಹೊತ್ ಕಾಯ್ಸುಕಿಲ್ಯಾ?"

"ಜಾಸ್ತಿ ಕಾಯ್ಸಿದ್ರೆ ಹಣ್ಣಿನ್ ಸತ್ವ ಹೋತ್ತ್. ತಣ್ದ್ ಮೇಲೆ ತನ್ನಷ್ಟಕ್ಕೇ ಗಟ್ಟಿ ಆತ್ತ್."

ಸತ್ವದ ಮಾತು ಸುಳ್ಳು. ಆ ಹೊಗೆಯಲ್ಲಿ ಇನ್ನೊಂದು ಗಳಿಗೆ ಕೂತಿದ್ದರೆ ನನ್ನ ಸತ್ವವೇ ಹೋಗುತ್ತಿತ್ತು!

ಹಳೆಯ ಬಾಟಲಿಗಳನ್ನು ಬಾವಿಯ ನೀರಿನಲ್ಲಿ ಅಲುಗಾಡಿಸಿ, ಒದ್ದೆಯಾಗಿದ್ದಾಗಲೇ ಅವುಗಳಲ್ಲಿ ಜಾಮು ಎಂಬ ಆ ದ್ರವವನ್ನು ಸುರಿದೆ. ಗಾಳಿ ಹೊಕ್ಕರೆ ಕೆಡುತ್ತದೆಂದು ಬೆಂಡಿನ ಬಿರಡೆಯನ್ನು ಗುದ್ದಿ ಗುದ್ದಿ ಕೂರಿಸಿ, ಮೇಲೆ ಮೇಣ ಕಾಯಿಸಿ ಹೊಯ್ದೆ. ಬಂದವರ ಕಣ್ಣಿಗೆ ಮೊದಲು ಬೀಳಲಿ ಎಂದು ಎಲ್ಲವನ್ನೂ ಚಾವಡಿಯ ಕಿಟಕಿಯ ಮೇಲಿನ ಹಲಗೆಯಲ್ಲಿ ಸಾಲಾಗಿ ಜೋಡಿಸಿದೆ. ಬಿಸಿಲು ಬಿದ್ದಾಗ ಅವು ಮಾಣಿಕ್ಯದ ಹಾಗೆ ಹೊಳೆದವು. ನಾನು ಕುರ್ಚಿ ಎಳೆದುಕೊಂಡು ಎದುರು ಕೂತು ಬಹಳ ಹೊತ್ತು ನೋಡಿದೆ. ನನ್ನ ಮೇಲೆ ನನಗೇ ಭಕ್ತಿ ಬಂತು.

ನಾಲ್ಕಾರು ದಿನ ಕಳೆದ ಮೇಲೆ ಬಾಟಲಿಗಳ ಒಳಗೆ ಗುಳ್ಳೆ ಏಳತೊಡಗಿತು.

"ಅಣ್ಣ, ಇದ್ ಎಂತ ಒಳ್ಗೆ ಗುಳುಗುಳು ಅಂತಿತ್ತಲೆ?" ಎಂದಳು ಸುಮತಿ.

"ಗಟ್ಟಿ ಆತಾ ಇತ್ತ್" ಎಂದೆ.

ಆ ಹೊತ್ತಿಗೆ ನೆರೆಮನೆಯ ಸೂರಪ್ಪಯ್ಯ ಬೇಲಿಯ ಹತ್ತಿರ ಬಂದು ಮೂಗು ಎತ್ತಿದರು. ಅವರು ನಿವೃತ್ತ ಪೋಲೀಸ್ ಪೇದೆ. ಪಾನನಿರೋಧ ಜಾರಿಯಲ್ಲಿದ್ದ ಕಾಲ ಅದು. ಕಾಡು, ಗುಡ್ಡ ಸುತ್ತಿ ಕಳ್ಳಭಟ್ಟಿ ಹಿಡಿದ ಕಥೆಗಳನ್ನು ಅವರು ದಿನಕ್ಕೊಂದರಂತೆ ಹೇಳುತ್ತಿದ್ದರು. ಅರ್ಧಕ್ಕರ್ಧ ಬೊಗಳೆ. ಮದ್ಯಪಾನದ ಕೇಡಿನ ಬಗ್ಗೆ ಶಾಲೆಯಲ್ಲಿ ಭಾಷಣ ಮಾಡುತ್ತಿದ್ದವನು ನಾನು. ಆದ್ದರಿಂದ ಇಬ್ಬರೂ ಒಂದೇ ಕಡೆಯವರೆಂದು ಅವರು ಭಾವಿಸಿದ್ದರು.

"ಹ್ವಾಯ್ ಮಾಷ್ಟ್ರೆ, ನಿಮ್ ಚಾವ್ಡಿಯಿಂದ ಎಂತದೋ ವಾಸ್ನಿ ಬತ್ತಾ ಇತ್ತಲೆ?"

"ಜಾಮ್ ಮಾಡಿದ್ದೆ, ಸೂರಪ್ಪಯ್ಯ."

"ಎಂತದ್ರದ್ದ್?"

"ಗೇರ್ ಹಣ್ಣಿಂದ್."

"ಬೆಲ್ಲ ಹಾಕಿದ್ರ್ಯಾ?"

"ಹಾಕಿದ್ದೆ."

"ಬಾಯಿ ಕಟ್ಟಿ ಇಟ್ರ್ಯಾ?"

"ಮೇಣ ಹೊಯ್ದ್ ಇಟ್ಟಿದ್ದೆ."

ಸೂರಪ್ಪಯ್ಯ ದನಿ ಇಳಿಸಿದರು. "ಮಾಷ್ಟ್ರೆ, ನಾನ್ ಹಿಡ್ದ್ ಒಳ್ಗೆ ಹಾಕಿದವ್ರೆಲ್ಲ ಇಷ್ಟೇ ಮಾಡಿದ್ದ್!"

ನನಗೆ ಮೈಯೆಲ್ಲ ಉರಿಯಿತು. ಪೇದೆಯ ಬುದ್ಧಿಗೆ ಲೋಕವೆಲ್ಲ ಕಳ್ಳರಂತೆಯೇ ಕಾಣುತ್ತದೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಒಳಗೆ ಬಂದೆ. ಆ ಉತ್ತರವೂ ನನಗೆ ಬಹಳ ಮೆಚ್ಚುಗೆಯಾಯಿತು.

ಗಂಡಿನ ಕಡೆಯವರು ಬಂದರು. ಸದಾನಂದ, ಅವನ ತಾಯಿ ಕಮಲಕ್ಕ, ಅವನ ಸೋದರಮಾವ. ತಾಯಿ ರೇಷ್ಮೆ ಸೀರೆ, ಮಾವ ಇಸ್ತ್ರಿ ಹಾಕಿದ ಬಿಳಿ ಅಂಗಿ, ಜರಿಯ ಶಾಲು. ಅವರನ್ನು ಸರಿಯಾಗಿ ಕಿಟಕಿಯ ಕೆಳಗೇ ಕೂರಿಸಿದೆ! ಸುಮತಿ ಪಾನಕ ತಂದಿಟ್ಟು ನಮಸ್ಕರಿಸಿದಳು. ಕಮಲಕ್ಕನ ಮುಖ ಅರಳಿತು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಂಬಂಧ ಆಗಲೇ ಕೂಡುತ್ತಿತ್ತು. ಆದರೆ ಎದ್ದು ನಿಂತೆ. ಕರಾವಳಿಯ ಜನರ ಅಜ್ಞಾನ, ಗೇರುಹಣ್ಣಿನ ಭವಿಷ್ಯ, ನಾನು ಮಾಡಿದ ಪ್ರಯೋಗ ಇವುಗಳ ಮೇಲೆ ಭಾಷಣ ಆರಂಭಿಸಿದೆ. "ಇದೀಗ ತಾವು ನೋಡಲಿರುವುದು," ಎಂದು ಹಲಗೆಯ ಕಡೆ ಕೈ ತೋರಿಸಿದೆ.

ಢಂ!

ಮೊದಲನೆಯ ಬಿರಡೆ ಮಾಡಿನ ಹಂಚಿಗೆ ಬಡಿದು ಸೋದರಮಾವನ ಪಾನಕದ ಲೋಟಕ್ಕೆ ಬಿತ್ತು. ಕೋವಿಯ ಈಡು ಬಿತ್ತೆಂದು ಅವರು ಕುರ್ಚಿಯ ಹಿಂದೆ ಅಡಗಿದರು. ಎರಡನೆಯದು ಬಾಟಲಿ ಸಮೇತ ಸಿಡಿಯಿತು. ಕಮಲಕ್ಕನ ರೇಷ್ಮೆ ಸೀರೆಯ ಮೇಲೆ ಕಂದು ಬಣ್ಣದ ನೊರೆ ಸುರಿಯಿತು. ಚಾವಡಿಯ ತುಂಬ ಎಂಥ ಘಮಲು! ಭಟ್ಟಿಯ ಒಳಗೆ ಕೂತ ಹಾಗೆ!

ಅಷ್ಟರಲ್ಲಿ ಸೂರಪ್ಪಯ್ಯ ಬೇಲಿ ಹಾರಿ ಓಡಿ ಬಂದರು. "ನಾನ್ ಹೇಳ್ಲಿಲ್ಯಾ!" ಎಂದು ಕೂಗಿದವರು ಅತಿಥಿಗಳನ್ನು ಕಂಡು ಗಕ್ಕನೆ ನಿಂತರು. ನೆರೆಯವನ ಮಾನ ಕಾಯುವುದು ತನ್ನ ಕರ್ತವ್ಯವೆಂದು ಅವರಿಗೆ ಆ ಕ್ಷಣದಲ್ಲಿ ತೋರಿರಬೇಕು.

"ನೀವ್ ಹೆದ್ರಬೇಡಿ," ಎಂದರು ಸೋದರಮಾವನಿಗೆ. "ನಮ್ ಮಾಷ್ಟ್ರ್ ಒಂದ್ ಹನಿ ಕುಡಿಯುದಿಲ್ಲೆ. ಬರೀ ತಯಾರ್ ಮಾಡುದ್ ಅಷ್ಟೆ!"

ಸೋದರಮಾವ ಕುರ್ಚಿಯ ಹಿಂದಿನಿಂದ ಎದ್ದರು. "ಮಾಷ್ಟ್ರೆ, ಎಂತ ಇದ್?"

"ಜಾಮ್" ಎಂದೆ.

"ನಾನೂ ಬೊಂಬಾಯಂಗ್ ಜಾಮ್ ಕಂಡಿದ್ದೆ. ಅದ್ ಹಾರುದಿಲ್ಲೆ."

ಗಿರಿಜೆ ಬಾಗಿಲಲ್ಲಿ ತಲೆಯ ಮೇಲೆ ಕೈಹೊತ್ತು ನಿಂತಿದ್ದಳು. ಸುಮತಿಯ ಮುಖ ಬಿಳಿಚಿಕೊಂಡಿತ್ತು. ಆ ಮುಖ ನೋಡಿ ಇದನ್ನು ಸರಿಪಡಿಸಬೇಕಾದವನು ನಾನೇ ಎನಿಸಿತು. ಸರಿಪಡಿಸುವ ಉಪಾಯವೂ ಹೊಳೆಯಿತು. ನನ್ನ ದುರ್ದೈವವೇ ಅದು, ನನಗೆ ಯಾವಾಗಲೂ ಉಪಾಯ ಹೊಳೆಯುತ್ತದೆ!

ಒಡೆಯದೆ ಉಳಿದ ಬಾಟಲಿಯೊಂದನ್ನು ತೆಗೆದು, ಬ್ರೆಡ್ಡಿನ ಮೇಲೆ ಅದನ್ನು ಧಾರಾಳವಾಗಿ ಸುರಿದು, "ಇದು ಶುದ್ಧ ಆಹಾರ. ನೋಡಿ, ನಾನೇ ತಿನ್ನುತ್ತೇನೆ" ಎಂದು ಘೋಷಿಸಿ ಇಡೀ ತುಂಡನ್ನು ಬಾಯಿಗೆ ತುರುಕಿದೆ. ನುಂಗಿದೆ. ಗಂಟಲಿಗೆ ಯಾರೋ ಮರ ಉಜ್ಜುವ ಉಪ್ಪುಕಾಗದ ತಿಕ್ಕಿದ ಹಾಗಾಯಿತು. ಮಾತಾಡಲು ಬಾಯಿ ತೆರೆದೆ. "ಕ್ಖ್" ಎಂಬ ಸದ್ದು ಬಂತು. ಇನ್ನೊಮ್ಮೆ ತೆರೆದೆ. ಅದೂ ಬರಲಿಲ್ಲ. ಕಣ್ಣಿನಲ್ಲಿ ನೀರು, ಮುಖ ಕೆಂಪು, ಮಾತು ಬಂದ್. ನೋಡಿದವರಿಗೆ ಏನೆನಿಸಿರಬೇಕು? ಕುಡುಕನಿಗೂ ಇಷ್ಟು ಬೇಗ ಏರುವುದಿಲ್ಲ!

"ಸಾಕ್, ಇನ್ ನೀವ್ ಕೂಕಣಿ" ಎಂದಳು ಗಿರಿಜೆ. ಕೂತೆ.

ನನ್ನ ಬಾಯಿ ಮುಚ್ಚಿದ ಕೂಡಲೆ ಮನೆ ಸರಿಯಾಗತೊಡಗಿತು. ಸುಮತಿ ಸೆರಗು ಸಿಕ್ಕಿಸಿಕೊಂಡು ಕಮಲಕ್ಕನನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋದಳು, ಗಿರಿಜೆಯ ಒಳ್ಳೆಯ ಸೀರೆ ಉಡಿಸಿದಳು, ರೇಷ್ಮೆ ಸೀರೆಯನ್ನು ಆಗಲೇ ನೀರಿಗೆ ಹಾಕಿದಳು. ಸೋದರಮಾವನಿಗೆ ಜಗಲಿಯಲ್ಲಿ ಚಾಪೆ ಹಾಕಿ ಎಳನೀರು ಕೊಟ್ಟಳು. ಮತ್ತೆ ಗೋಣಿಚೀಲ ತಂದು, ಉಳಿದ ಬಾಟಲಿಗಳ ಮೇಲೆ ಹೊದೆಸಿ, ಒಂದೊಂದಾಗಿ ಹೊರಗೆ ಸಾಗಿಸತೊಡಗಿದಳು. ಸದಾನಂದ ಅಂಗಿಯ ತೋಳು ಮಡಚಿ ಗೋಣಿಯ ಇನ್ನೊಂದು ಬದಿ ಹಿಡಿದ. ಹಿತ್ತಲಿನ ತೆಂಗಿನಗುಂಡಿಗೆ ಅದನ್ನೆಲ್ಲ ಸುರಿಯುತ್ತ ಅವರು ಮಾತಾಡಿಕೊಂಡದ್ದು ಕಿಟಕಿಯಿಂದ ನನಗೆ ಕೇಳಿಸಿತು.

"ನಿಮ್ಮಣ್ಣ ಯಾವಾಗ್ಳೂ ಹೀಂಗೆಯಾ?"

"ಹೋದ್ ವರ್ಷ ಬಾವಿ ನೀರ್ ಶುದ್ಧ ಮಾಡ್ತೆ ಅಂದಿದ್ರ್. ಅದ್ಕೆ ಹೋಲ್ಸಿದ್ರೆ ಇದ್ ಎಷ್ಟೋ ವಾಸಿ."

ಸದಾನಂದ ಗುಂಡಿಯ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಸುಮತಿಯೂ ನಕ್ಕಳು. ಆ ಗುಂಡಿಗೆ ಬಾಯಿ ಹಾಕಿದ ಸೂರಪ್ಪಯ್ಯನವರ ಹುಂಜ ಅಂದು ನಡುಮಧ್ಯಾಹ್ನ ಬೆಳಗಾಯಿತೆಂದು ಕೂಗಿತು.

ಒಳಗಿನಿಂದ ಗಿರಿಜೆ ಬಾಳೆಲೆ ತಂದು ಹಾಸಿದಳು. ಎಲೆಗೆ ಬಿದ್ದದ್ದು ಹಲಸಿನಹಣ್ಣಿನ ಕಡುಬು. ಮಾಡಬೇಡ ಎಂದಿದ್ದೆ. ಮಾಡಿದ್ದಳು. ಬೊಂಬಾಯಿಯ ಸದಾನಂದ, "ಇದ್ನ್ ತಿನ್ದೆ ಎಷ್ಟ್ ಕಾಲ ಆಯ್ತ್ ಮಾರಾಯ್ರೆ! ಅಲ್ಲಿ ಬರೀ ಬ್ರೆಡ್ ತಿಂದ್ ತಿಂದ್ ಬಾಯಿ ಸತ್ತ್ ಹೋಯ್ತ್" ಎಂದು ಎರಡೆರಡು ಸಲ ಬಡಿಸಿಕೊಂಡ. ಗಿರಿಜೆ ನನ್ನ ಕಡೆ ಒಂದು ನೋಟ ಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಹೊರಡುವಾಗ ಸೋದರಮಾವ ಅಕ್ಕನನ್ನು ಅಂಗಳದ ಮೂಲೆಗೆ ಕರೆದರು. ಗುಟ್ಟಾಗಿ ಮಾತಾಡುವುದು ಆ ಮನೆತನಕ್ಕೆ ಬರುತ್ತಿರಲಿಲ್ಲವೆಂದು ಕಾಣುತ್ತದೆ.

"ಅಕ್ಕ, ಈ ಅಣ್ಣನ್ ಕಂಡ್ ಮೇಲೂ ಇಲ್ಲಿ ಸಂಬಂಧ ಮಾಡುದಾ?"

"ಅಣ್ಣನ್ ಕಂಡದ್ಕೇ ಮಾಡುದ್," ಎಂದರು ಕಮಲಕ್ಕ. "ಇವ್ರ್ ಒಟ್ಟಿಗೆ ಇಷ್ಟ್ ವರ್ಷ ಬಾಳಿದ್ ಹೆಣ್ಣ್, ಮಂಡೆ ತಣ್ಣಗೆ ಇಟ್ಕಂಡಿತ್ತ್. ಬೊಂಬಾಯಂಗ್ ಎಂತದೇ ಬರ್ಲಿ, ಅದ್ ಸುಧಾರ್ಸುತ್ತ್!"

ಇದಕ್ಕೆ ತಕ್ಕ ಉತ್ತರ ನನ್ನಲ್ಲಿತ್ತು. ಗಂಟಲು ಇರಲಿಲ್ಲ.

ಮಳೆಗಾಲಕ್ಕೆ ಮುಂಚೆಯೇ ಮದುವೆ ಆಯಿತು. ಸಂಬಂಧ ಕೂಡಿದ್ದು ನನ್ನಿಂದಲೇ ಎಂದು ನಾನು ಸಿಕ್ಕಿದವರಿಗೆಲ್ಲ ಹೇಳಿದೆ. ಯಾರೂ ಅಲ್ಲಗಳೆಯಲಿಲ್ಲ. ಧಾರೆಯ ದಿನ ಸೋದರಮಾವ ತಮ್ಮ ಕಡೆಯ ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ನನ್ನ ಹತ್ತಿರ ಕರೆತಂದು, "ಇವ್ರೇ ಆ ಅಣ್ಣ" ಎಂದು ಪರಿಚಯ ಮಾಡಿಸಿದರು. ನಾನು ಶಾಲು ಸರಿಮಾಡಿಕೊಂಡು ನಗುತ್ತ ನಿಂತೆ. ಬಂದವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಮಂಟಪದಲ್ಲಿದ್ದ ನನ್ನ ತಂಗಿಯ ಕಡೆ ತಿರುಗಿ ಭಕ್ತಿಯಿಂದ ಕೈಮುಗಿದರು.