ಮಾವನ ಕೊಡೆ ಯಾವ ಕಂಕುಳಲ್ಲಿತ್ತು

ಎಡಗಂಕುಳಲ್ಲಿ ಎಂದೇ ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ, ಆದರೆ ಬರೆಯಲು ಕೂತರೆ ಕೊಡೆ ಮೆಲ್ಲಗೆ ಬಲಕ್ಕೆ ಸರಿಯುತ್ತಿದೆ. ತಂಗಿಯಂತೂ ಬಲಗಂಕುಳೇ ಎಂದು ಆಣೆ ಹಾಕುತ್ತಾಳೆ. ಆದರೆ ಅವಳು ಆಗ ಅಡುಗೆಮನೆಯ ಕಿಟಕಿಯಲ್ಲಿದ್ದಳು, ನಾನು ಅಂಗಳದಲ್ಲಿದ್ದೆ. ಅಥವಾ ನಾನು ಕಿಟಕಿಯಲ್ಲಿದ್ದೆನೇ? ಒಂದು ಹಳೆಯ ಕರಿ ಕೊಡೆಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ನೀವು ಕೇಳಬಹುದು. ನಮ್ಮ ಮಾವನನ್ನು ಕಂಡವರು ಕೇಳುವುದಿಲ್ಲ.

ಮಾವ ಅಮ್ಮನ ತಮ್ಮ. ಬ್ರಹ್ಮಾವರದಿಂದ ಶಿರೂರಿನವರೆಗೆ ಜಾಗದ ಬ್ರೋಕರ್. ಜಾಗ ಮಾರಿಸಿದ್ದಕ್ಕಿಂತ ಮಾರಾಟ ತಪ್ಪಿಸಿದ್ದಕ್ಕೇ ಹೆಸರಾದ ಬ್ರೋಕರ್ ಈ ಕರಾವಳಿಯಲ್ಲಿ ಅವರೊಬ್ಬರೇ ಇರಬೇಕು. ಮಾರುವವರಿಗೂ ಅವರೇ, ಕೊಳ್ಳುವವರಿಗೂ ಅವರೇ. ಇದರಲ್ಲಿ ವಿಶೇಷವಿಲ್ಲ, ನಮ್ಮ ಕಡೆ ಎಲ್ಲ ಬ್ರೋಕರುಗಳೂ ಹಾಗೆಯೇ. ಆದರೆ ಉಳಿದವರು ಎರಡೂ ಕಡೆಗೆ ಒಳ್ಳೆಯದನ್ನೇ ಹೇಳಿ ಕೈ ಕುಲುಕಿಸುತ್ತಾರೆ. ಮಾವ ಎರಡೂ ಕಡೆಯವರ ವಕೀಲರಾಗುತ್ತಿದ್ದರು. ಕೊಡೆ ಎಡಗಂಕುಳಲ್ಲಿದ್ದರೆ ಮಾರುವವರ ಪರ, ಬಲಗಂಕುಳಿಗೆ ಬಂದರೆ ಕೊಳ್ಳುವವರ ಪರ. ಕೊಡೆ ದಾಟಿದ ಕೂಡಲೇ ದನಿಯೂ ಬದಲಾಗುತ್ತಿತ್ತು. ಬೈಂದೂರಿನ ಒಂದು ಚಾದಂಗಡಿಯಲ್ಲಿ ಹೀಗೆ ಕೊಡೆ ಅತ್ತಿಂದಿತ್ತ ಮಾಡುತ್ತಾ ತಮ್ಮೊಂದಿಗೆ ತಾವೇ ವಾದ ಮಾಡಿ, ತಮ್ಮ ಮಾತಿಗೆ ತಾವೇ ಸಿಟ್ಟಾಗಿ ಎದ್ದು ಹೋದರಂತೆ. ಮಾರುವವನೂ ಕೊಳ್ಳುವವನೂ ಮುಖ ಮುಖ ನೋಡಿಕೊಂಡು, ಕೊನೆಗೆ ಅವರ ಚಾಕ್ಕೂ ಸೇರಿಸಿ ದುಡ್ಡು ಕೊಟ್ಟರು. ಇದನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಚಾದಂಗಡಿಯವನೂ ಪೂರ್ತಿ ಕಂಡಿರಲಿಕ್ಕಿಲ್ಲ.

ಶಿರೂರಿನದು ಮಾತ್ರ ನಾನು ಕಂಡದ್ದು. ಹಳಿಯ ಪಕ್ಕದ ಒಂದು ಜಾಗ. ಗಿರಾಕಿ ನೋಡಿದ, ಮೆಚ್ಚಿದ, ಕಾರಿನ ಕಡೆ ತಿರುಗಿದ. ಮಾವನ ಕೊಡೆ ಬಲಕ್ಕೆ ಬಂತು.

"ಹ್ವಾಯ್, ಎಲ್ಲಿಗ್ ಹೊರಟ್ರಿ? ಕೂಕಣಿ. ರೈಲ್ ಬಪ್ಪುಕಿತ್ತ್," ಎಂದು ರೈಲು ಬರುವವರೆಗೆ ಅವನನ್ನು ಕೂರಿಸಿದರು.

"ಎಂತ ಮಾರಾಯ್ರೆ, ನೀವ್ ಜಾಗ ತೋರ್ಸುಕೆ ಬಂದದ್ದಾ, ರೈಲ್ ತೋರ್ಸುಕೆ ಬಂದದ್ದಾ?"

"ಜಾಗ ನೀವ್ ಇವತ್ತ್ ಒಂದಿನ ಕಾಂಬುದ್. ರೈಲ್ ದಿನಾ ಕಾಂಬುದ್."

ರೈಲು ಬಂತು. ನೆಲ ನಡುಗಿತು. ಗಿರಾಕಿ ಹೋದವನು ಮತ್ತೆ ಬರಲಿಲ್ಲ. ಜಾಗದ ಯಜಮಾನ ಆ ಮೇಲೆ ವರ್ಷಗಟ್ಟಲೆ ಮಾವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ.

ಇನ್ನು ನೀರಿನ ಪದ್ಧತಿ. ಬಾವಿಯಿರುವ ಜಾಗವನ್ನು ಮಾವ ತೋರಿಸುವುದು ಮೇ ತಿಂಗಳಲ್ಲಿ ಮಾತ್ರ. ಅಕ್ಟೋಬರಿನಲ್ಲಿ ಈ ಕರಾವಳಿಯ ಯಾವ ಬಾವಿ ಸಿಹಿಯಿಲ್ಲ? ಮೇ ತಿಂಗಳಲ್ಲಿ ಹೊಳೆಗೆ ಉಪ್ಪು ಏರಿದಾಗಲೇ ಬಾವಿಯ ನಿಜವಾದ ರುಚಿ ಗೊತ್ತಾಗುವುದು. ಅಲ್ಲೇ ನೀರು ಸೇದಿಸಿ, ಮೊದಲು ತಾವು ಕುಡಿದು, "ಉಪ್ಪಿತ್ತ್" ಎಂದೋ "ಸಿಹಿ ಇತ್ತ್" ಎಂದೋ ಹೇಳಿ ಆಮೇಲೆ ಗಿರಾಕಿಗೆ ಕೊಡುವುದು. ಅವರು ಸಿಹಿ ಎಂದರೆ ಜನ ಮರುಮಾತಿಲ್ಲದೆ ಮುಂಗಡ ಕೊಡುತ್ತಿದ್ದರು.

ಇದನ್ನೆಲ್ಲ ನಾವು ನಕ್ಕು ಹೇಳಿಕೊಳ್ಳುತ್ತಿದ್ದೆವು. ತಂಗಿ ಜಾಗ ಮಾರಲು ಹೊರಟ ವರ್ಷ ನಗು ನಿಂತಿತು.

ಗಂಗೊಳ್ಳಿಯಲ್ಲಿ ಹೊಳೆಯ ಬದಿಗೆ ಅವಳದೊಂದು ತುಂಡು ಜಾಗ, ಅದರಲ್ಲೇ ಅವಳು ವಾಸವಿದ್ದ ಸಣ್ಣ ಮನೆ, ಬೇಸಿಗೆಗೆ ಉಪ್ಪಾಗುವ ಒಂದು ಬಾವಿ. ಅವಳ ಹೊಲಿಗೆ ಅಂಗಡಿ ಬ್ರಹ್ಮಾವರದಲ್ಲಿ. ಸ್ಕೂಟರಿನಿಂದ ಬಿದ್ದು ಕಾಲಿಗೆ ರಾಡು ಹಾಕಿಸಿಕೊಂಡ ಮೇಲೆ ಬಸ್ಸು ಹತ್ತುವುದೆಂದರೆ ಅವಳಿಗೆ ದಿನಾ ಒಂದು ಗುಡ್ಡ ಹತ್ತಿದಂತೆ, ಅದೂ ಎರಡೆರಡು ಬಸ್ಸು. ಅಂಗಡಿಯ ಹಿಂದೆಯೇ ಮೆಟ್ಟಿಲಿಲ್ಲದ ಒಂದು ಮನೆ ಮಾರಾಟಕ್ಕೆ ಬಂತು. ಗಂಗೊಳ್ಳಿಯದು ಮಾರಾಟವಾದರೆ ಅದು ಸಿಗುತ್ತದೆ, ಇಲ್ಲದಿದ್ದರೆ ಅಂಗಡಿಯನ್ನೇ ಮುಚ್ಚಬೇಕು. ಆ ಮನೆಗೂ ಬ್ರೋಕರ್ ಮಾವನೇ. ಕೊಡೆಯನ್ನು ಎಡಗಂಕುಳಿಗಿಟ್ಟು ಸ್ವಂತ ಅಕ್ಕನ ಮಗಳಿಗೆ ಹೇಳಿದರು:

"ಕಾಣ್ ಹೆಣ್ಣೆ, ಅವ್ರ್ ಈ ತಿಂಗ್ಳ್ ಕಡಿವರಿಗೆ ಕಾಯ್ತ್ರ್. ಮತ್ತೆ ಬೇರೆಯವ್ರಿಗ್ ಕೊಡ್ತ್ರ್. ಅವ್ರ ಪರವಾಗಿ ಹೇಳುದ್ ನಾನ್."

"ನನ್ ಪರವಾಗಿ ಎಂತ ಹೇಳ್ತ್ರಿ ಮಾವ?"

ಕೊಡೆ ಬಲಕ್ಕೆ ಬಂತು. "ಬೇಗ ಮಾಡ್, ಮನಿ ಲಾಯ್ಕಿತ್ತ್."

ಆ ತಿಂಗಳು ಮೇ.

ಗಂಗೊಳ್ಳಿಯ ಜಾಗಕ್ಕೆ ಬಂದ ಗಿರಾಕಿ ಮುಂಬಯಿಯಲ್ಲಿ ಹೋಟೆಲು ನಡೆಸುವ, ಯಡ್ತರೆ ಊರಿನವರು. ರಜೆ ಮುಗಿಸಿ ಹೊರಟು ನಿಂತಿದ್ದರು. ಹೊಳೆ ನೋಡಿ ಮರುಳಾಗಿದ್ದರು. ನೀರಿನ ಪದ್ಧತಿ ಒಂದು ಬಿಡಿ ಎಂದು ನಾನು ಮಾವನಿಗೆ ಕೈ ಮುಗಿದದ್ದು ನಿಜ. "ಅವ್ಳ ಬಾಮಿ ಅಂದೇಳಿ ಉಪ್ಪು ಸಿಹಿ ಆತ್ತಾ?" ಎಂದರು. ತಂಗಿ ತಲೆಯಾಡಿಸಿ ಎದ್ದು ಒಳಗೆ ಹೋದಳು. ಅದೇ ನನಗೆ ಹೆದರಿಕೆ.

ಆ ದಿನ ಗಿರಾಕಿ ಅಂಗಳಕ್ಕೆ ಕಾಲಿಡುವ ಮೊದಲೇ ಜಗಲಿಯ ಮೇಲೆ ಕೊಡಪಾನ ತುಂಬಿ ಕೂತಿತ್ತು. ಕೊಡಪಾನವೋ, ಸ್ಟೀಲಿನ ತಂಬಿಗೆಯೋ. ಕೊಡಪಾನ ಎಂದಿಟ್ಟುಕೊಳ್ಳಿ.

"ಈಗಷ್ಟೆ ಸೇದಿದ್ದ್ ಮಾವ," ಎಂದಳು ತಂಗಿ, ಒಳಗಿನಿಂದಲೇ.

ಮಾವ ಬಾವಿಯ ಕಡೆ ನೋಡಿದರು. ನಾನೂ ನೋಡಿದೆ. ಕಟ್ಟೆಯ ಮೇಲೆ ಸುತ್ತಿಟ್ಟ ಹಗ್ಗ ಒಣಗಿ ಬಿರುಸಾಗಿತ್ತು. ಕಟ್ಟೆಯ ಮೇಲೆ ಒಂದು ಹನಿ ನೀರಿಲ್ಲ. ಬಾವಿ ಉಪ್ಪಾಗದ ಮೇಲುಗಡೆಯ ನೆರೆಮನೆಯ ದಾರಿಯಲ್ಲಿ ಮಾತ್ರ ನೀರು ಚೆಲ್ಲಿದ ಗುರುತು, ಅದರ ಪಕ್ಕದಲ್ಲೇ ಒಂದು ಕಾಲು ಎಳೆದ ಗೀರು. ಅಷ್ಟು ಭಾರ ಹೊತ್ತು ಆ ಇಳಿಜಾರಿನಲ್ಲಿ ಅವಳು ಹೇಗೆ ಇಳಿದಳೋ. ಮಾವ ಹುಟ್ಟಿ ಬೆಳೆದದ್ದೇ ಈ ಕೇರಿಯಲ್ಲಿ. ಯಾವ ಬಾವಿಯ ನೀರೆಂದು ಒಂದು ಗುಟುಕಿಗೆ ಹೇಳಬಲ್ಲ ನಾಲಿಗೆ.

ಅವರು ಕೊಡೆಯನ್ನು ಜಗಲಿಯ ಕಂಬಕ್ಕೆ ಒರಗಿಸಿದರು. ಮಾತಿನ ನಡುವೆ ಕೊಡೆ ಕೆಳಗಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. ಲೋಟಕ್ಕೆ ಬಗ್ಗಿಸಿಕೊಂಡು ಕುಡಿದರು. ಪೂರ್ತಿ ಕುಡಿದರು. ಸಿಹಿ ಎನ್ನಲಿಲ್ಲ, ಉಪ್ಪು ಎನ್ನಲಿಲ್ಲ. ಇನ್ನೊಂದು ಲೋಟ ತುಂಬಿ ಗಿರಾಕಿಗೆ ಕೊಟ್ಟು, "ಕುಡಿನಿ, ಸೆಕಿ ಜೋರಿತ್ತ್," ಎಂದರು.

"ಲಾಯ್ಕಿತ್ತಲ್ದಾ ನೀರ್," ಎಂದರು ಗಿರಾಕಿ.

ಒಳಗೆ ಒಂದು ಪಾತ್ರೆ ಬಿತ್ತು.

ಮಾವ ಕೊಡೆ ಎತ್ತಿಕೊಂಡರು. "ಹ್ವಾಯ್, ಒಂಚೂರ್ ಬನ್ನಿ," ಎಂದು ಗಿರಾಕಿಯನ್ನು ಕಾರಿನವರೆಗೆ ಕರೆದುಕೊಂಡು ಹೋದರು. ಕಾರಿನ ಬಾಗಿಲಿಗೆ ಒರಗಿ ಬಹಳ ಹೊತ್ತು ಮಾತಾಡಿದರು. ನಮಗೆ ಕಂಡದ್ದು ಬೆನ್ನು ಮತ್ತು ಕಂಕುಳಿಂದ ಹಿಂದಕ್ಕೆ ಚಾಚಿದ ಕೊಡೆಯ ತುದಿ. ಗಿರಾಕಿ ಒಮ್ಮೆ ತಿರುಗಿ ಬಾವಿಯನ್ನು ನೋಡಿದರು. ಒಳಗಿದ್ದ ತಂಗಿ ಅಲ್ಲೇ ನೆಲಕ್ಕೆ ಕೂತಳು. "ಹೋಯ್ತ್ ಅಣ್ಣ," ಎಂದಳು.

ಹೋಗಲಿಲ್ಲ. ಮರುದಿನ ಬೆಳಿಗ್ಗೆ ಯಡ್ತರೆಯಿಂದ ಫೋನು ಬಂತು, ಜಾಗ ಬೇಕು ಎಂದು. ತಿಂಗಳು ಮುಗಿಯುವ ಮೊದಲೇ ತಂಗಿಗೆ ಮೆಟ್ಟಿಲಿಲ್ಲದ ಮನೆ ಸಿಕ್ಕಿತು.

ಆಮೇಲೆ ಗಂಗೊಳ್ಳಿಯಲ್ಲಿ ಆ ಗಿರಾಕಿ ಮನೆ ಕಟ್ಟುವಾಗ ಎಲ್ಲಕ್ಕಿಂತ ಮೊದಲು ಮಳೆನೀರಿನ ದೊಡ್ಡ ಟ್ಯಾಂಕು ಕಟ್ಟಿಸಿದರು. ಅಂದರೆ ಮಾವ ಹೇಳಿದ್ದರು ಎಂದಾಯಿತಲ್ಲ? ಆದರೆ ಈಗ ಯಾರು ಟ್ಯಾಂಕು ಕಟ್ಟಿಸುವುದಿಲ್ಲ? ಇನ್ನೊಂದು ಕಡೆ, ಆ ಮೇ ತಿಂಗಳ ನಂತರ ಮಾವ ಯಾವ ಗಿರಾಕಿಗೂ ನೀರು ಕುಡಿದು ತೋರಿಸಲಿಲ್ಲ. ಕೇಳಿದವರಿಗೆ, "ನೀವೇ ಕುಡ್ದ್ ಕಾಣಿ, ನಂಗೆ ಪ್ರಾಯ ಆಯ್ತ್, ನಾಲ್ಗಿ ಸಮ ಇಲ್ಲ," ಎನ್ನುತ್ತಾರೆ. ಅಂದರೆ ಹೇಳಿರಲಿಲ್ಲ ಎಂದಾಯಿತಲ್ಲ?

ಈಗಲೂ ಬ್ರಹ್ಮಾವರದ ಮನೆಗೆ ಬಂದರೆ ಮಾವ ಚಾ ಕೇಳುವುದಿಲ್ಲ. ಕೊಡೆಯನ್ನು ಬಾಗಿಲಿಗೆ ಒರಗಿಸಿ, ನೀರು ಕೇಳುತ್ತಾರೆ. ತಂಗಿ ತಂದುಕೊಡುತ್ತಾಳೆ. ಮೆಟ್ಟಿಲಿಲ್ಲದ ನೆಲದ ಮೇಲೆ ಅವಳು ನಡೆದು ಬರುವುದನ್ನು ಅವರು ಪೂರ್ತಿ ನೋಡುತ್ತಾರೆ, ಆಮೇಲೆ ಕುಡಿಯುತ್ತಾರೆ. "ಸಿಹಿ ಇತ್ತ್ ಮಗಾ," ಎನ್ನುತ್ತಾರೆ. ಅಂದು ಕಾರಿನ ಹತ್ತಿರ ಎಂತ ಹೇಳಿದ್ದಿರಿ ಎಂದು ಅವಳು ಕೇಳಿಲ್ಲ. ನಾನೂ ಕೇಳಿಲ್ಲ.

ಕೊಡೆ ಎಡಕ್ಕಿದ್ದರೆ ಅವರು ಅವಳಿಗಾಗಿ ಸುಮ್ಮನಿದ್ದರು. ಬಲಕ್ಕಿದ್ದರೆ ನಿಜ ಹೇಳಿದರು, ಆ ಮನುಷ್ಯ ಕೇಳಿಯೂ ಒಪ್ಪಿದ. ಯಾವ ಕಂಕುಳೋ, ನನಗೆ ಗೊತ್ತಿಲ್ಲ.