ಕಾಶಿನಾಥ ಕಾಕಾನ ಹೋರಿಯ ವರದಿ

ನಾಚಿಕೆಪಡಲು ಓದು ಬೇಕಿಲ್ಲ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೂ ಈ ಒಂದು ವಿಷಯದಲ್ಲಿ ದೊಡ್ಡ ಡಿಗ್ರಿಯವರಿಗಿಂತ ಮುಂದಿದ್ದೇನೆ.

ಬೀದರಿನ ನಮ್ಮ ಸಾಹೇಬರಿಗೆ ಕಂಪನಿ ತೆಗೆಯುವುದು ಒಂದು ಚಟ. ಮೊದಲು ಸಗಣಿ ಕುಳ್ಳು ಪಾರ್ಸೆಲ್ ಮಾಡುವ ಕಂಪನಿ, ಆಮೇಲೆ ಕಳೆದ ಎಮ್ಮೆ ಹುಡುಕುವ ಆ್ಯಪ್. ಎರಡೂ ಮುಚ್ಚಿದವು. ಎಮ್ಮೆ ಸಂಜೆ ತಾನೇ ಮನೆಗೆ ಬರುತ್ತದೆ ಎನ್ನುವುದು ಅವರಿಗೆ ತಡವಾಗಿ ಗೊತ್ತಾಯಿತು. ಮೂರನೆಯದು ಇದು. ವಿಶ್ವವಿದ್ಯಾಲಯದ ಮೇಡಂ ಒಬ್ಬರು ನಮ್ಮ ಸೀಮೆಯ ದೇವಣಿ ತಳಿಯ ದನಗಳ ವಂಶವಾಹಿಯ ಮೇಲೆ ವರ್ಷಗಟ್ಟಲೆ ಸಂಶೋಧನೆ ಮಾಡಿದ್ದರು. ಬಾಲದ ಕೂದಲನ್ನು ಬೇರುಸಮೇತ ಕಿತ್ತು ಕೊಟ್ಟರೆ ಸಾಕು, ಅಸಲಿಯೋ ಬೆರಕೆಯೋ ಹೇಳುತ್ತಾರೆ. ಸಾಹೇಬರು ಅದನ್ನೇ ಸ್ಟಾರ್ಟಪ್ ಮಾಡಿದರು. ಕೂದಲು ಕೀಳುವವನು ನಾನು.

ಔರಾದ ಕಡೆಯ ಹಳ್ಳಿಯೊಂದರಲ್ಲಿ ಕಾಶಿನಾಥ ಕಾಕಾ ಒಂದು ಹೋರಿ ಸಾಕಿದ್ದಾನೆ. ಊರಿನ ಅರ್ಧ ಕರುಗಳಿಗೆ ಅದೇ ಅಪ್ಪ. ಭಾಲ್ಕಿಯವರು ಅದನ್ನು ಬೀಜದ ಹೋರಿಯಾಗಿ ಕೊಳ್ಳಲು ಒಪ್ಪಿದ್ದರು. ಅಸಲಿ ದೇವಣಿ ಎನ್ನುವ ನಮ್ಮ ವರದಿಯೊಂದು ಬೇಕಿತ್ತು. ನಾನು ಹೋದದ್ದು ಸೋಮವಾರ.

"ಇವತ್ತ ಬಸವಣ್ಣನ ದಿನಾ ಅದ ತಮ್ಮಾ. ಸೋಮಾರ ಎತ್ತಿಗಿ ನೊಗಾನೇ ಇಡಂಗಿಲ್ಲ, ನೀ ಕೂದಲಾ ಕೀಳ್ತಿ? ನಾಳಿ ಬಾ," ಅಂದ ಕಾಕಾ.

ಮತ್ತೆ ಅಷ್ಟು ದೂರ ಬೈಕು ಹೊಡೆಯುವವರು ಯಾರು? ನೌಬಾದದ ನಮ್ಮ ಮನೆಯ ಹಿಂದೆ ಒಂದು ಜರ್ಸಿ ಆಕಳಿದೆ. ಪಾಪದ್ದು, ಒದೆಯುವುದಿಲ್ಲ. ಅದರ ಹತ್ತು ಕೂದಲು ಕಿತ್ತು, ಲಕೋಟೆಗೆ ಹಾಕಿ, ಕಾಕಾನ ಹೆಸರು ಬರೆದೆ. ಹೋರಿ ಎಂದು ಬರೆಯುವುದನ್ನೂ ಮರೆತೆ. ವರದಿ ಬಂದಾಗ ಸಾಹೇಬರು ಓದಲಿಲ್ಲ. ನಾಲ್ಕನೇ ಕಂಪನಿಯ ಯೋಚನೆಯಲ್ಲಿದ್ದರು. ಓದದೇ ಒಯ್ದು ಕೊಟ್ಟವನೂ ನಾನೇ.

ಭಾಲ್ಕಿಯ ಇಬ್ಬರು ಕಟ್ಟೆಯ ಮೇಲೆ ಕೂತಿದ್ದರು. ಕಾಕಾನ ಸೊಸೆ ಗಟ್ಟಿಯಾಗಿ ಓದಿದಳು: ಜರ್ಸಿ ಬೆರಕೆ. ಲಿಂಗ, ಹೆಣ್ಣು.

ಎಲ್ಲರೂ ತಿರುಗಿ ಹೋರಿಯನ್ನು ನೋಡಿದರು. ಹೋರಿಗೂ ಏನೋ ಅನುಮಾನ ಬಂದಂತೆ ಕಂಡಿತು.

"ಕಾಕಾ, ಹಾಲ ಎಷ್ಟ ಕೊಡ್ತದ್ರಿ ಇದು?" ಎಂದ ಭಾಲ್ಕಿಯ ಒಬ್ಬ. ಇನ್ನೊಬ್ಬ ನಗಲಿಲ್ಲ. "ಹೆಣ್ಣ ಅನ್ನೋದು ತಪ್ಪ ಇರ್ಬಹುದ್ರಿ. ಜರ್ಸಿ ಅನ್ನೋದು ಖರೇ ಇದ್ರ?" ಎಂದು ಎದ್ದುಬಿಟ್ಟ.

"ಮಷೀನ್ ತಪ್ಪ ಹೇಳ್ಯದ ಕಾಕಾ," ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಹೇಸಿಗೆಯಾಯಿತು.

ಕಾಕಾ ಬೈದಿದ್ದರೆ ನಾನು ಬಚಾವಾಗುತ್ತಿದ್ದೆ. ಅವನು, "ಪಾಪ, ಆ ಮೇಡಂ ಎಷ್ಟ ವರ್ಷ ಕಷ್ಟಪಟ್ಟಾರೋ ಏನೋ. ಇನ್ನ ಅವ್ರ ಮಾತ ಯಾರ ನಂಬ್ತಾರ?" ಅಂದ.

ತಡೆಯಲಾಗಲಿಲ್ಲ. "ಅವು ನಮ್ಮ ಆಕಳ ಕೂದಲಾ ರೀ ಕಾಕಾ," ಎಂದು ಎಲ್ಲರ ಮುಂದೆ ಒಪ್ಪಿಕೊಂಡೆ.

ಎದ್ದವನು ಮತ್ತೆ ಕೂತ. ಕಾಕಾ ತಾನೇ ಬಾಲ ಹಿಡಿದ, ನಾನು ಕಿತ್ತೆ. ಹೋರಿ ಒಂದೇ ಸಲ ಒದೆಯಿತು. ಅಷ್ಟಕ್ಕೆ ಬಿಟ್ಟದ್ದು ಅದರ ದೊಡ್ಡತನ. ಲಕೋಟೆ ಅಂಟಿಸುವಾಗ ಕಾಕಾ ನನ್ನ ಕೈ ಹಿಡಿದ.

"ತಡಿ. ನಿಂದೂ ಎರಡ ಕೂದಲಾ ಬ್ಯಾರೆ ಲಕೋಟಿಗಿ ಹಾಕು. ನೀ ಯಾವ ತಳಿ ಅದಿ, ಆ ಮೇಡಂ ನೋಡಿ ಹೇಳ್ಲಿ."

ಬಾಗಿಲ ಹಿಂದೆ ಸೊಸೆ ನಕ್ಕದ್ದು ಕೇಳಿಸಿತು. ಬೈಕಿಗೆ ಸುಮ್ಮನೆ ತೂಗುಹಾಕಿದ್ದ ಹೆಲ್ಮೆಟ್ಟನ್ನು ಅವತ್ತು ಮೊದಲ ಸಲ ಹಾಕಿಕೊಂಡೆ. ಜನವಾಡದಲ್ಲಿ ಚಹಾಕ್ಕೆ ನಿಂತಾಗಲೂ ತೆಗೆಯಲಿಲ್ಲ. ಮುಖದ ಮುಂದಿನ ಗಾಜು ಮಾತ್ರ ಎತ್ತಿ ಕುಡಿದೆ.