ಮೇಣದಜ್ಜಿಯ ನೇರ ಪ್ರಸಾರ

ಇಷ್ಟಕ್ಕೆಲ್ಲ ಕಾರಣ ಒಂದು ಹಳೆಯ ಆಹ್ವಾನದ ನಕಲು. ವಿದೇಶದವರಿಗೆ ನಮ್ಮ ಬಾಟಿಕ್ ಬಟ್ಟೆಯನ್ನು ಪರಿಚಯಿಸಲು ಒಂದು ನೇರ ಪ್ರಸಾರ ಇಟ್ಟುಕೊಳ್ಳೋಣ, ಚೆಂದದ ಆಹ್ವಾನ ಬರೆಯಿರಿ ಎಂದು ಸಹಕಾರ ಸಂಘದ ಕಾರ್ಯದರ್ಶಿ ಮೇಡಂ ಪ್ರಚಾರ ಗುಮಾಸ್ತನಿಗೆ ಹೇಳಿ ಹದಿನೈದು ದಿನವಾಗಿತ್ತು. ಹದಿನಾಲ್ಕು ದಿನ ಅವನು ಯೋಚಿಸುತ್ತಲೇ ಕಳೆದ. ಹದಿನೈದನೆಯ ದಿನ ಊಟಕ್ಕೆ ಏಳುವ ಅವಸರದಲ್ಲಿ ಕಂಪ್ಯೂಟರಿನಲ್ಲಿ ಸಿಕ್ಕ ಹಳೆಯದೊಂದನ್ನು ಎತ್ತಿಕೊಂಡು, ತಾರೀಕು ಮಾತ್ರ ಬದಲಿಸಿ, ಒಂಬತ್ತು ದೇಶಗಳಿಗೆ ಕಳಿಸಿಬಿಟ್ಟ. ಅದರಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: ‘ಐವತ್ತು ವರ್ಷ ಮೇಣದಲ್ಲಿ ಪಳಗಿದ ನಮ್ಮ ಹಿರಿಯ ಕಲಾವಿದೆ ಸ್ವತಃ ನಿಮ್ಮೆದುರು ಕೂತು ಬರೆಯಲಿದ್ದಾರೆ.’

ಆ ಹಿರಿಯ ಕಲಾವಿದೆಯನ್ನು ಸಂಘದಲ್ಲಿ ಎಲ್ಲರೂ ಮೇಣದಜ್ಜಿ ಎನ್ನುತ್ತಿದ್ದರು. ಮೇಣದಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು.

ಪ್ರಸಾರದ ದಿನ ಬೆಳಗ್ಗೆ ಒಂಬತ್ತೂವರೆಗೆ ಮೇಡಂ ಆ ಆಹ್ವಾನವನ್ನು ಮೊದಲ ಸಲ ಪೂರ್ತಿ ಓದಿದರು. ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆಂದರೆ ಯಾರದೋ ಗ್ರಹಚಾರ ಕೆಟ್ಟಿದೆ ಎಂದೇ ಲೆಕ್ಕ. ಗುಮಾಸ್ತ ಬಾಗಿಲ ಬಳಿಯೇ ನಿಂತ.

“ನಾನೂರ ಹನ್ನೆರಡು ಜನ ಹೆಸರು ಕೊಟ್ಟಿದ್ದಾರೆ, ಅಜ್ಜೀನ ನೋಡೋಕೆ,” ಎಂದರು ಮೇಡಂ ತಣ್ಣಗೆ. “ಹನ್ನೊಂದು ಗಂಟೆಗೆ ನನಗೆ ಅಜ್ಜಿ ಬೇಕು.”

ಕ್ಷಮೆ ಕೇಳಿ ಮುಂದೂಡಿದರಾಯಿತು ಎಂದು ಗುಮಾಸ್ತ ಗೊಣಗಿದ. ಅದು ಆಗುವ ಮಾತಾಗಿರಲಿಲ್ಲ. ಈ ಸಲವೂ ಹೊರದೇಶದ ಬೇಡಿಕೆ ಬರದಿದ್ದರೆ ಮೇಣ ಬರೆಯುವ ಹಜಾರವನ್ನು ಯಂತ್ರದಲ್ಲಿ ಅಚ್ಚೊತ್ತುವವರಿಗೆ ಬಿಟ್ಟುಕೊಡಬೇಕೆಂದು ಮೇಲಿನವರು ಆಗಲೇ ಬರೆದಿದ್ದರು. ಹಾಗಾದ ದಿನ ಮೊದಲು ಮನೆಗೆ ಹೋಗುವವನು ಯಾರೆಂಬುದನ್ನು ಮೇಡಂ ಬಾಯಿಬಿಟ್ಟು ಹೇಳಲಿಲ್ಲ. ಅವನ ಕಡೆ ನೋಡಿದರು, ಅಷ್ಟೆ.

ಹಜಾರದಲ್ಲಿ ಹನ್ನೊಂದು ಹೆಂಗಸರು ಮೇಣ ಬರೆಯುತ್ತಿದ್ದರು. ಯಾರಾದರೂ ಒಬ್ಬರು ಅಜ್ಜಿಯಾಗಿ ಕೂತುಕೊಳ್ಳಿ ಎಂದು ಗುಮಾಸ್ತ ಒಬ್ಬೊಬ್ಬರ ಮುಂದೆಯೂ ಹೋಗಿ ಬೇಡಿಕೊಂಡ. ಆಹ್ವಾನದ ಜೊತೆ ಹೋದ ಚಿತ್ರದಲ್ಲಿದ್ದುದು ಕಿಟಕಿಯ ಪಕ್ಕದ ಅಜ್ಜಿಯ ಜಾಗ, ಅಲ್ಲೇ ಕೂರಬೇಕು. ಅಜ್ಜಿ ಹೋದಾಗಿನಿಂದ ಅಲ್ಲಿದ್ದ ಅವಳ ಸ್ಟೂಲಿನ ಮೇಲೆ ಯಾರೂ ಕೂತಿರಲಿಲ್ಲ. ಕೂತಿದ್ದವಳು ಒಬ್ಬಳೇ, ಅದೂ ಅರ್ಧ ಗಂಟೆ. ಅವಳು ತಲೆಯೆತ್ತದೆ ಹೇಳಿದಳು: “ಗೆರೆ ಎಳೆದಾಗಲೆಲ್ಲ ಕಿವಿ ಹಿಂದೆ ಯಾರೋ ತ್ಚು, ತ್ಚು ಅಂತಿದ್ರು ಅಣ್ಣ. ನಾನು ಮಾತ್ರ ಇನ್ನು ಕೂರಲ್ಲ.” ಉಳಿದ ಹತ್ತು ಜನಕ್ಕೆ ಅಷ್ಟೇ ಸಾಕಾಯಿತು.

ಕೊನೆಗೆ ದಾರಿ ತೋರಿಸಿದವನು ಬಣ್ಣದಣ್ಣ. ಬಣ್ಣದ ತೊಟ್ಟಿಗಳ ಉಸ್ತುವಾರಿ ಅವನದು. ಎರಡೂ ಕೈ ಮೊಣಕೈವರೆಗೆ ನೀಲಿ. ಯಾವ ವಿಷಯ ಎತ್ತಿದರೂ ಅವನದೊಂದು ಅಭಿಪ್ರಾಯ ಇರುತ್ತಿತ್ತು. ತಪ್ಪು ಮಾಡಿದವರೇ ಕೂರಲಿ ಎಂಬುದು ಅವನ ತೀರ್ಪು. “ಬೆನ್ನು ತೋರಿಸ್ಕೊಂಡು ಕೂತ್ಕೊಳ್ಳಿ ಗುಮಾಸ್ತರೇ. ತಲೆ ಮೇಲೆ ಅಜ್ಜಿ ಶಾಲು ಹೊದ್ಕೊಳ್ಳಿ. ಅಷ್ಟು ದೂರದಿಂದ ನೋಡೋರಿಗೆ ನಿಮ್ಮ ಬೆನ್ನು ಯಾವುದು, ಅಜ್ಜಿ ಬೆನ್ನು ಯಾವುದು?”

ಬೂದು ಬಣ್ಣದ ಆ ಶಾಲು ಇನ್ನೂ ಕಿಟಕಿಯ ಮೊಳೆಯಲ್ಲೇ ತೂಗುತ್ತಿತ್ತು. ಬೆಳಗಿನಿಂದ ಬಿಸಿಲು ನೇರವಾಗಿ ಅದರ ಮೇಲೇ ಬೀಳುತ್ತಿತ್ತು. ಆದರೂ ಗುಮಾಸ್ತ ಅದನ್ನು ಹೊದ್ದುಕೊಂಡಾಗ, ಬಾವಿಯಿಂದ ಈಗಷ್ಟೇ ಎತ್ತಿದ ಬಟ್ಟೆಯಂತೆ ಕುತ್ತಿಗೆಗೆ ತಣ್ಣಗೆ ತಗುಲಿತು.

ಹನ್ನೊಂದಕ್ಕೆ ಸರಿಯಾಗಿ ಪ್ರಸಾರ ಶುರುವಾಯಿತು. ಮೇಡಂ ಲ್ಯಾಪ್‌ಟಾಪಿನ ಮುಂದೆ ಕೂತು ಇಂಗ್ಲಿಷಿನಲ್ಲಿ ಸ್ವಾಗತ ಹೇಳಿದರು. ಮೇಣವನ್ನು ಕರಗಿಸಿ ಬಟ್ಟೆಯ ಮೇಲೆ ಬರೆಯುತ್ತೇವೆ, ಬಣ್ಣಕ್ಕೆ ಅದ್ದಿದಾಗ ಮೇಣ ಇದ್ದಲ್ಲಿ ಬಣ್ಣ ಹತ್ತುವುದಿಲ್ಲ, ಆಮೇಲೆ ಕುದಿನೀರಲ್ಲಿ ಮೇಣ ತೆಗೆದರೆ ಚಿತ್ತಾರ ಉಳಿಯುತ್ತದೆ ಎಂದು ವಿವರಿಸಿದರು. ಅವರ ಹಿಂದೆ ಗುಮಾಸ್ತ ಶಾಲಿನೊಳಗೆ ಆಮೆಯಂತೆ ಮುದುಡಿ ಕೂತಿದ್ದ. ಅವನ ಕೈಯಲ್ಲಿ ಮೇಣದ ಲೇಖನಿ: ಮರದ ಹಿಡಿ, ತುದಿಯಲ್ಲಿ ಸಣ್ಣ ಮೂತಿಯ ತಾಮ್ರದ ಬಟ್ಟಲು. ಸುಮ್ಮನೆ ಗಾಳಿಯಲ್ಲಿ ಆಡಿಸಿದರೆ ಸಾಕು ಎಂದು ಮೇಡಂ ಹೇಳಿದ್ದರು. ಹತ್ತೊಂಬತ್ತು ವರ್ಷ ಬಾಟಿಕ್ಕಿನ ಬಗ್ಗೆ ಬರೆದವನಿಗೆ ಒಂದು ಗೆರೆಯನ್ನಾದರೂ ಎಳೆಯಬೇಕೆನಿಸಿತು. ಬಟ್ಟಲನ್ನು ಮೇಣದಲ್ಲಿ ಅದ್ದಿದ, ಎತ್ತಿದ, ಬಗ್ಗಿಸಿದ. ಕುದಿಯುವ ಮೇಣವೆಲ್ಲ ಸೀದಾ ಅವನ ತೊಡೆಯ ಮೇಲೆ ಬಿತ್ತು.

ಮುಂದಿನದನ್ನು ಒಂಬತ್ತು ದೇಶಗಳೂ ನೋಡಿರಬೇಕು ಎಂದುಕೊಂಡ ಅವನು. ಹಿರಿಯ ಕಲಾವಿದೆ ಗಂಡು ದನಿಯಲ್ಲಿ ಕಿರುಚಿ, ಲೇಖನಿ ಬಿಸಾಕಿ, ಶಾಲು ಕಿತ್ತೆಸೆದು, ಬಟ್ಟೆ ಬಿಗಿದಿದ್ದ ಎರಡು ಚೌಕಟ್ಟುಗಳನ್ನು ಹಾರಿ ಹಿತ್ತಲ ನಲ್ಲಿಗೆ ಓಡಿದ್ದರು.

ನಲ್ಲಿಯ ಕೆಳಗೆ ಅವನು ಹತ್ತು ನಿಮಿಷ ಕೂತಿದ್ದ. ತೊಡೆ ಸ್ವಲ್ಪ ತಣ್ಣಗಾಯಿತು, ಮನಸ್ಸು ಪೂರ್ತಿ ತಣ್ಣಗಾಯಿತು. ರಾಜೀನಾಮೆ ಪತ್ರದ ಮೊದಲ ವಾಕ್ಯವೂ ಸಿದ್ಧವಾಯಿತು. ಅದೊಂದನ್ನಾದರೂ ಹಳೆಯದರಿಂದ ನಕಲು ಮಾಡಬೇಕಿರಲಿಲ್ಲ. ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು, ಒದ್ದೆ ಪ್ಯಾಂಟಿನಲ್ಲಿ ಹಜಾರದೊಳಗೆ ಕಾಲಿಟ್ಟ.

ಯಾರೂ ಬೈಯಲಿಲ್ಲ. ಯಾರೂ ಅವನತ್ತ ತಿರುಗಲೂ ಇಲ್ಲ. ಹನ್ನೊಂದು ಹೆಂಗಸರೂ ಎದ್ದು ಗೋಡೆಗೆ ಒರಗಿ ನಿಂತಿದ್ದರು. ಬಣ್ಣದಣ್ಣ ಒಮ್ಮೆ ಲ್ಯಾಪ್‌ಟಾಪನ್ನು, ಒಮ್ಮೆ ಕಿಟಕಿಯ ಪಕ್ಕದ ಸ್ಟೂಲನ್ನು ನೋಡುತ್ತ ಗಡಿಯಾರದ ಲೋಲಕದಂತೆ ತಲೆಯಾಡಿಸುತ್ತಿದ್ದ. ಸ್ಟೂಲು ಖಾಲಿಯಿತ್ತು. ಲ್ಯಾಪ್‌ಟಾಪಿನ ಪರದೆಯಲ್ಲಿ ಮಾತ್ರ ಅದರ ಮೇಲೆ ಮೇಣದಜ್ಜಿ ಕೂತಿದ್ದಳು.

ಬೂದು ಶಾಲು ತಲೆಯ ಮೇಲಿತ್ತು. ಒಂದು ಭುಜ ತುಸು ಕೆಳಗಿಳಿದ ಅದೇ ಭಂಗಿ. ಪರದೆಯಲ್ಲಿ ಅವಳ ಕೈಯಲ್ಲಿ ಲೇಖನಿ ಹರಿದಾಡುತ್ತಿತ್ತು. ಇಲ್ಲಿ ನೆಲದ ಮೇಲೆ ಆ ಲೇಖನಿ ಗುಮಾಸ್ತ ಬಿಸಾಕಿದಲ್ಲೇ ಬಿದ್ದಿತ್ತು. ಶಾಲು ನೆಲದ ಮೇಲೆ ಎಲ್ಲೂ ಇರಲಿಲ್ಲ. ಅವನು ಚೌಕಟ್ಟಿಗೆ ಬಿಗಿದ ಬಟ್ಟೆಯನ್ನು ನೋಡಿದ. ಯಾರ ಕೈಯೂ ಇಲ್ಲದೆ ಮೇಣದ ಒಂದು ಎಳೆ ಬಟ್ಟೆಯ ಮೇಲೆ ಮುಂದಕ್ಕೆ ಸಾಗುತ್ತಿತ್ತು. ಬಳ್ಳಿಯಾಗಿ ಬಾಗಿ, ಎಲೆಯ ಬಳಿ ಒಂದು ಸುತ್ತು ಸುತ್ತಿ, ಹಸಿಯಾಗಿದ್ದಾಗ ಮಿನುಗಿ, ಆರಿದಂತೆ ಮಂಕಾಗುತ್ತ ಹೋಗುತ್ತಿತ್ತು.

ಗುಮಾಸ್ತ ಸ್ಟೂಲಿನತ್ತ ಒಂದು ಹೆಜ್ಜೆ ಇಟ್ಟ. ಮೇಡಂ ಪರದೆಯಿಂದ ಕಣ್ಣು ಕೀಳದೆ ತುಟಿಯಂಚಿನಲ್ಲಿ ಹೇಳಿದರು: “ಅವರನ್ನ ಎಬ್ಬಿಸಬೇಡಿ. ಇನ್ನೂ ಇಪ್ಪತ್ತು ನಿಮಿಷ ಇದೆ.”

ನೋಡುತ್ತಿದ್ದವರ ಮೆಚ್ಚುಗೆಯ ಸಾಲುಗಳು ಪರದೆಯ ಬದಿಯಲ್ಲಿ ಮಳೆಗಾಲದ ಇರುವೆಗಳಂತೆ ಹರಿದು ಬರುತ್ತಿದ್ದವು. ನಡುವೆ ಕಿರುಚಿ ಓಡಿದ ಮನುಷ್ಯ ಯಾರೆಂದು ಒಬ್ಬನೇ ಕೇಳಿದ್ದ. ಉಳಿದವರಿಗೆ ಅದು ಗಮನಕ್ಕೇ ಬಂದಿರಲಿಲ್ಲ. ಒಬ್ಬ ಹೆಂಗಸು ಪ್ರಶ್ನೆ ಕಳಿಸಿದಳು: ಅಂಚಿನ ಗೆರೆಯಲ್ಲಿ ಅಲ್ಲಲ್ಲಿ ಸಣ್ಣ ಸಂದು ಬಿಟ್ಟಿದ್ದೀರಲ್ಲ, ಯಾಕೆ? ಮೇಡಂ ಕಣ್ಸನ್ನೆ ಮಾಡಿದರು. ಗುಮಾಸ್ತ ಗಂಟಲು ಸರಿಮಾಡಿಕೊಂಡು, ಖಾಲಿ ಸ್ಟೂಲಿನ ಕಡೆ ತಿರುಗಿ, ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದ.

ಹಜಾರದಲ್ಲಿ ಏನೂ ಕೇಳಿಸಲಿಲ್ಲ. ಪರದೆಯಲ್ಲಿ ಅಜ್ಜಿಯ ತಲೆ ಸ್ವಲ್ಪ ಎದ್ದಿತು. ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿನಿಂದ ಅವಳ ಒಡಕು ದನಿ ಬಂತು: “ಎಲ್ಲಾ ಮುಚ್ಚಿಬಿಟ್ರೆ ಬಣ್ಣ ಎಲ್ಲಿಂದ ಒಳಗೆ ಬರಬೇಕು?”

ಅವನು ಅದನ್ನು ಇಂಗ್ಲಿಷಿಗೆ ತಂದ. ಒಂಬತ್ತು ದೇಶಗಳೂ ಚಪ್ಪಾಳೆ ಕಳಿಸಿದವು.

ಪ್ರಸಾರ ಮುಗಿಸಿ ಮೇಡಂ ಪರದೆ ಮುಚ್ಚಿದರು. ಉಳಿದದ್ದು ಖಾಲಿ ಸ್ಟೂಲು, ಒಂದು ಮೊಳ ಹೊಸ ಅಂಚು. ಬಣ್ಣದಣ್ಣ ನೀಲಿ ಬೆರಳಿನಿಂದ ಮುಟ್ಟಿ ನೋಡಿ, ಮೇಣ ಇನ್ನೂ ಬೆಚ್ಚಗಿದೆ ಎಂದ. ಆಮೇಲೆ ಅವನು ಇಡೀ ದಿನ ಯಾವ ಅಭಿಪ್ರಾಯವನ್ನೂ ಹೇಳಲಿಲ್ಲ.

ಒಂದು ಗಂಟೆಯೊಳಗೆ ದೂರದ ದೇಶದ ದೊಡ್ಡ ವಸ್ತುಸಂಗ್ರಹಾಲಯವೊಂದರಿಂದ ಪತ್ರ ಬಂತು. ಅಲ್ಲಿ ಬಾಟಿಕ್ ಪ್ರದರ್ಶನವೊಂದು ಈ ವಾರವೇ ಶುರುವಾಗುತ್ತಿತ್ತು. ಅಜ್ಜಿ ಒಂದು ತಿಂಗಳು ಬಂದು ಕೂತು ಬರೆದರೆ ಸಂಘದ ವರ್ಷದ ಬಟ್ಟೆಯನ್ನೆಲ್ಲ ತಾವೇ ಕೊಳ್ಳುತ್ತೇವೆ, ಜೊತೆಗೆ ದುಭಾಷಿಯಾಗಿ ಒಬ್ಬ ಸಹಾಯಕರನ್ನೂ ಕಳಿಸಿ, ಇಬ್ಬರ ಪ್ರಯಾಣವೂ ನಮ್ಮದು ಎಂದಿದ್ದರು. ಮೇಡಂ ಒಪ್ಪಿಗೆಯ ಅರ್ಜಿಯನ್ನು ಗುಮಾಸ್ತನ ಮುಂದಿಟ್ಟು, ಸಹಾಯಕರು ನೀವೇ ಎಂದರು.

“ಮೇಡಂ, ಅವರು ತೀರಿಕೊಂಡಿದ್ದಾರೆ,” ಎಂದ ಅವನು.

“ಅದನ್ನ ಅರ್ಜಿಯಲ್ಲಿ ಎಲ್ಲೂ ಕೇಳಿಲ್ಲ.”

ಅವನು ತುಂಬಿಸತೊಡಗಿದ. ವಯಸ್ಸಿನ ಕಡೆ ತಡೆದ. ಹೋದಾಗ ಎಪ್ಪತ್ತಾರು, ಆಮೇಲಿನ ಎರಡು ವರ್ಷವನ್ನು ಸೇರಿಸಬೇಕೋ ಬೇಡವೋ ಎಂದು ಕೇಳಿದ್ದಕ್ಕೆ, ಕೆಲಸ ಮಾಡಿದ್ದಾರಲ್ಲ, ಸೇರಿಸಿ ಎಂದರು ಮೇಡಂ. ‘ಈಗಿರುವ ಕಾಯಿಲೆಗಳು’ ಎಂಬಲ್ಲಿ ‘ಯಾವುದೂ ಇಲ್ಲ’ ಎಂದು ಬರೆದ. ಅದಂತೂ ಸುಳ್ಳಾಗಿರಲಿಲ್ಲ. ಅಜ್ಜಿಯನ್ನು ಸಾಗಿಸುವುದು ಹೇಗೆಂದು ಕೇಳಿದ್ದಕ್ಕೆ ಮೇಡಂ, ಸ್ಟೂಲನ್ನೂ ಲ್ಯಾಪ್‌ಟಾಪನ್ನೂ ತೆಗೆದುಕೊಂಡು ಹೋಗಿ, ಉಳಿದದ್ದು ಅವರಿಗೆ ಗೊತ್ತು, ಐದು ಗಂಟೆಗೆ ಬಂದು ಕಟ್ಟಿಕೊಳ್ಳಿ ಎಂದರು.

ಹೆದರಿಕೆ ಅವನನ್ನು ಬಿಟ್ಟಿರಲಿಲ್ಲ. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಅದರ ಪಕ್ಕ ಆಸೆಯೊಂದು ಬಂದು ಕೂತಿತು. ಹತ್ತೊಂಬತ್ತು ವರ್ಷ ದೇಶ ದೇಶಕ್ಕೆ ಬಟ್ಟೆ ಕಳಿಸಿದವನು ತಾನು ಮಾತ್ರ ಬಸ್ಸಿನಲ್ಲಿ ಎರಡು ಗಂಟೆಯ ದೂರದಾಚೆ ಹೋದವನಲ್ಲ. ಮನೆ ಮುಟ್ಟುವಷ್ಟರಲ್ಲಿ ಹೆದರಿಕೆ ಕಿಟಕಿಯ ಕಡೆ ಸರಿದು ಜಾಗ ಬಿಟ್ಟುಕೊಟ್ಟಿತ್ತು.

ಸುದ್ದಿ ಕೇಳಿದ ಹೆಂಡತಿ ಮೊದಲು ಕೇಳಿದ್ದು ಒಂದೇ. “ಒಂದು ತಿಂಗಳು ಬೇರೆ ಹೆಂಗಸಿನ ಜೊತೆನಾ?”

“ಅವರಿಗೆ ಎಪ್ಪತ್ತೆಂಟು ಕಣೇ. ಬದುಕಿಲ್ಲ ಬೇರೆ.”

“ಹಾಗಾದ್ರೆ ಸರಿ,” ಎಂದು ಅವಳು ಅಂಗಿಗಳನ್ನು ಮಡಿಸಿದಳು. ಭಾವಮೈದುನ ಹಿಡಿಯಿಲ್ಲದ ಸೂಟ್‌ಕೇಸೊಂದನ್ನು ತಂದುಕೊಟ್ಟು, ವಾಪಸು ಬರುವಾಗ ಹಿಡಿಯಿರುವುದನ್ನು ತರಬೇಕೆಂದ. ಮಹಡಿ ಮನೆಯ ನಿವೃತ್ತ ಮೇಷ್ಟರು ಇಳಿದು ಬಂದು, ವಿಮಾನದಲ್ಲಿ ಕಿವಿ ಕಟ್ಟಿಕೊಂಡರೆ ಏನು ಮಾಡಬೇಕೆಂದು ಅರ್ಧ ಗಂಟೆ ಪಾಠ ಮಾಡಿದರು. ಅವರೂ ವಿಮಾನ ಹತ್ತಿದವರಲ್ಲ. ಎಲ್ಲರೂ ಹೋದ ಮೇಲೆ ಅತ್ತೆ ಹತ್ತಿರ ಬಂದು ದನಿ ತಗ್ಗಿಸಿದರು: “ಅಳಿಯಂದಿರೇ, ದಾರೀಲಿ ಪುರುಸೊತ್ತಾದಾಗ ಆಯಮ್ಮನ್ನ ಒಂದು ಮಾತು ಕೇಳಿ. ನಿಮ್ಮ ಮಾವ ಅಲ್ಲಿ ಸಿಕ್ಕಿದ್ರೆ, ಬೀರುವಿನ ಬೀಗದ ಕೈ ಎಲ್ಲಿಟ್ಟಿದ್ದಾರೆ ಅಂತ.” ಅವನು ಕೇಳುತ್ತೇನೆಂದು ಮಾತು ಕೊಟ್ಟ.

ಐದಕ್ಕೆ ಹೊಸ ಹಗ್ಗ ಹಿಡಿದು, ಇಸ್ತ್ರಿ ಮಾಡಿದ ಅಂಗಿಯಲ್ಲಿ ಸಂಘಕ್ಕೆ ಬಂದ. ಹೆಂಗಸರು ಮನೆಗೆ ಹೋಗಿದ್ದರು. ಹಜಾರದಲ್ಲಿ ಮೇಡಂ ಒಬ್ಬರೇ ಲ್ಯಾಪ್‌ಟಾಪಿನ ಮುಂದೆ ಕೂತಿದ್ದರು. ಕನ್ನಡಕ ಮೇಜಿನ ಮೇಲಿತ್ತು. ಕಿಟಕಿಯ ಪಕ್ಕದಲ್ಲಿ ಸ್ಟೂಲು ಇರಲಿಲ್ಲ. ಅದರ ನಾಲ್ಕು ಕಾಲುಗಳ ಗುರುತು ಮಾತ್ರ ನೆಲದ ದೂಳಿನಲ್ಲಿತ್ತು, ಎಳೆದೊಯ್ದ ಗೀರೊಂದೂ ಇಲ್ಲದೆ.

“ಕಾಗದ ಬಂದಿದೆ,” ಎಂದು ಮೇಡಂ ಪರದೆಯನ್ನು ಅವನತ್ತ ತಿರುಗಿಸಿದರು.

ಆಗಲೇ ರಾತ್ರಿಯಾಗಿದ್ದ ಆ ದೇಶದಿಂದ ವಸ್ತುಸಂಗ್ರಹಾಲಯದವರು ಬರೆದಿದ್ದರು. ಸಂಜೆ ಬಾಗಿಲು ಹಾಕಿ ಬೀಗ ಜಡಿದ ಮೇಲೆ ಕಾವಲುಗಾರ ಕೊನೆಯ ಸುತ್ತು ಬಂದಾಗ, ಕತ್ತಲೆ ಸಭಾಂಗಣದ ನಡುವೆ ನಿಮ್ಮ ಹಿರಿಯ ಕಲಾವಿದೆ ಕೂತು ಬರೆಯುತ್ತಿದ್ದರು. ಟಿಕೆಟ್ಟಿಗೂ ಕಾಯದೆ ಇಷ್ಟು ಬೇಗ ಬಂದದ್ದಕ್ಕೆ ನಾವು ಋಣಿಗಳು. ನಮ್ಮ ಗ್ರಂಥಪಾಲಕಿಗೆ ನಿಮ್ಮ ಭಾಷೆ ಚೆನ್ನಾಗಿ ಬರುತ್ತದೆ. ಸಹಾಯಕರ ಕೈ ಹಗುರವಿಲ್ಲ, ಅವರನ್ನು ಕಳಿಸುವುದು ಬೇಡ ಎಂದು ಕಲಾವಿದೆ ತಿಳಿಸಿದ್ದಾರೆ. ಕೆಳಗೆ ಒಂದು ಚಿತ್ರ: ಅಮೃತಶಿಲೆಯ ನೆಲ, ಸುತ್ತ ಉಸಿರು ಬಿಗಿಹಿಡಿದು ನಿಂತ ಅಪರಿಚಿತ ಮುಖಗಳು, ನಡುವೆ ಬಾಗಿದ ಬೆನ್ನು.

ಗುಮಾಸ್ತ ಹಗ್ಗವನ್ನು ಮೆಲ್ಲಗೆ ಕೆಳಗಿಟ್ಟ. ಅವನಿಗೆ ಅಳು ಬಂತೋ ನೆಮ್ಮದಿಯಾಯಿತೋ ಅವನಿಗೇ ತಿಳಿಯಲಿಲ್ಲ.

“ಪೂರ್ತಿ ಓದಿ,” ಎಂದರು ಮೇಡಂ.

ಕೊನೆಯಲ್ಲಿ ಇನ್ನೊಂದು ಸಾಲಿತ್ತು. ತಮ್ಮ ಸಭಾಂಗಣದಲ್ಲಿ ಒಲೆ ಹಚ್ಚಲು ಅನುಮತಿಯಿಲ್ಲವೆಂದು ಅವರು ಸಂಕೋಚದಿಂದ ಹೇಳಿದಾಗ ಕಲಾವಿದೆ, ಅದಕ್ಕೇನಂತೆ, ಮೇಣ ನಮ್ಮ ಸಂಘದಿಂದಲೇ ತೆಗೆದುಕೊಳ್ಳುತ್ತೇನೆ ಎಂದರಂತೆ. ದಿನಾ ಇಲ್ಲಿಯ ಬೆಳಗ್ಗೆ ಆರಕ್ಕೆ ಒಲೆ ಹಚ್ಚಿ, ಪಾತ್ರೆಯ ಮುಂದಿನಿಂದ ಏಳದೆ ಮೇಣವನ್ನು ಹದಕ್ಕೆ ಇಟ್ಟಿರಬೇಕು. ಭಾನುವಾರವೂ. ಯಾರು ಎಂಬುದನ್ನೂ ಅವರು ಹೇಳಿದ್ದಾರೆ: ಬೆಳಗ್ಗೆ ಚೆಲ್ಲಿದವನು.

ಮರುದಿನದಿಂದ ಪ್ರಚಾರ ಗುಮಾಸ್ತ ಆರು ಗಂಟೆಗೇ ಹಜಾರದ ಬಾಗಿಲು ತೆರೆದು ಒಲೆ ಹಚ್ಚುತ್ತಾನೆ. ಯಾರೂ ಅದ್ದದಿದ್ದರೂ ಪಾತ್ರೆಯ ಮೇಣ ನಿಮಿಷ ನಿಮಿಷಕ್ಕೂ ಒಂದು ಬಟ್ಟಲಿನಷ್ಟು ಇಳಿಯುತ್ತದೆ. ಇಳಿದಾಗಲೆಲ್ಲ ಮೇಲೆ ಸಣ್ಣದೊಂದು ಸುಳಿ ಏಳುತ್ತದೆ. ಅವನು ಅತ್ತ ನೋಡದೆ ಹೊಸ ಗಟ್ಟಿಯೊಂದನ್ನು ಹಾಕುತ್ತಾನೆ. ಉರಿ ತುಸು ಜಾಸ್ತಿಯಾದರೆ ಕಿವಿಯ ಹಿಂದೆ ತ್ಚು ಎನ್ನುವುದು ಕೇಳುತ್ತದೆ. ತಿಂಗಳು ಮುಗಿಯುವುದನ್ನು ಅವನು ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಹೊಡೆದು ಕಾಯುತ್ತಿದ್ದ. ಇಪ್ಪತ್ತೊಂಬತ್ತನೆಯ ಗೆರೆ ಹೊಡೆದ ದಿನ ಮೇಡಂ ಕಿಟಕಿಯಿಂದ ಇಣುಕಿ ಸಂತೋಷದ ಸುದ್ದಿ ಹೇಳಿದರು: ಜನ ಮುಗಿಬೀಳುತ್ತಿದ್ದಾರಂತೆ, ಪ್ರದರ್ಶನವನ್ನು ಕಾಯಂ ಮಾಡಿದ್ದಾರೆ.